ದಿನಕ್ಕೊಂದು ಸುಳ್ಳು

ಇವತ್ತಿನ ಸುಳ್ಳು ಯಾವುದೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಗಂಟೆ ಎಂಟೂವರೆಯಾಗಿತ್ತು, ಹತ್ತಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು, ಮುಂದಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ದಿನಸಿ ಅಂಗಡಿಯವನ ತಕ್ಕಡಿ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ತಕ್ಕಡಿ ರಿಪೇರಿಯವನ ಮನೆ ಎಂದರೆ ಆ ಬೀದಿಯಲ್ಲಿ ಯಾರು ಬೇಕಾದರೂ ತೋರಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿಗಳ, ಗೋದಾಮುಗಳ, ಅಂಚೆ ಕಚೇರಿಯ ತಕ್ಕಡಿಗಳು ಎರಡು ಮಹಡಿ ಹತ್ತಿ ಅವನ ಬಳಿ ಬಂದು, ಸರಿಯಾಗಿ ಇಳಿದು ಹೋಗಿದ್ದವು. ಅವನ ಕೈ ದಾಟಿದ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಜನ ಅನ್ನುವಾಗ ಅವನಿಗೆ ಹೆಮ್ಮೆಯಾಗುತ್ತಿತ್ತು, ಅದರ ಹಿಂದೆಯೇ ಅಳುಕೂ ಆಗುತ್ತಿತ್ತು, ಯಾಕೆಂದರೆ ಅದೇ ಮನೆಯಲ್ಲಿ ಅವನು ಐದು ವರ್ಷಗಳಿಂದ ದಿನಕ್ಕೊಂದು ಸುಳ್ಳನ್ನು ತಪ್ಪದೆ ಹೇಳುತ್ತ ಬಂದಿದ್ದ. ಅದು ಅವನ ಪಾಠಕ್ರಮ. ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಶುರುಮಾಡಿದ ಮೊದಲ ವಾರದಲ್ಲೇ ಹೊಳೆದ ಉಪಾಯ. ಬೆಳಗಿನ ಮಾತಿನ ನಡುವೆ ಒಂದು ಸುಳ್ಳನ್ನು, ನಿಜ ಹೇಳುವ ದನಿಯಲ್ಲೇ, ಮುಖದಲ್ಲಿ ಗುರುತು ಕೊಡದೆ ಸೇರಿಸಿಬಿಡುವುದು. ಹೊತ್ತು ಮುಳುಗುವುದರೊಳಗೆ ಮಗಳು ಅದನ್ನು ಹಿಡಿದು "ಸಿಕ್ಕಿತು" ಅನ್ನಬೇಕು, ಹೇಗೆ ಸಿಕ್ಕಿತೆಂದು ವಿವರಿಸಬೇಕು, ಪುಸ್ತಕದಲ್ಲಿ ಬರೆದಿಡಬೇಕು. ದೊಡ್ಡವರು ಹೇಳಿದರೆಂದು ಯಾವುದನ್ನೂ ನಂಬಬಾರದು, ಹೇಳಿದವನು ಅಪ್ಪನೇ ಆದರೂ ಸರಿ. ನಿಯಮ ಎರಡೇ. ಹಿಡಿಯಲಾಗದ ಸುಳ್ಳು ಹೇಳುವಂತಿಲ್ಲ. ಸಿಕ್ಕಿದ ಮೇಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಬಾಯಿಬಿಟ್ಟು ಹೇಳಬೇಕು. ಮಗಳಿಗೆ ಹನ್ನೆರಡು ತುಂಬಿದ ಮೇಲೆ ಅವಳಿಗೂ ದಿನಕ್ಕೊಂದು ಸುಳ್ಳಿನ ಹಕ್ಕು ಕೊಟ್ಟಿದ್ದ. ಅದನ್ನು ಅವನು ಹಿಡಿಯಬೇಕಿತ್ತು. ಒಂದು ವರ್ಷದಿಂದ ಆಟ ಹಾಗೆ ನಡೆದಿತ್ತು.

"ಇವತ್ತೊಂದು ದಿನ ಆ ಸುಳ್ಳಾಟ ಬಿಟ್ಬಿಡ್ರೀ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಆಗಲೇ ಪಾಳಿಗೆ ತಡವಾಗಿತ್ತು. "ಈ ಸಲ ಬರೋರು ಹೊಸಬರಂತೆ. ಹಳೇ ತಾತನ ಥರ ಬಿಸ್ಕತ್ತು ತಿಂದು ಸಹಿ ಹಾಕಿ ಹೋಗೋರಲ್ವಂತೆ."

"ಬರ್ಲಿ ಬಿಡೇ. ನಮ್ಮದೇನು ಕದ್ದ ಮಾಲಾ?"

"ಹಾಗಲ್ಲ, ಮಗಳೊಬ್ಬಳನ್ನೇ ಕೂರಿಸ್ಕೊಂಡು ಮಾತಾಡಿಸ್ತಾರಂತೆ. ಆ ಪತ್ರದಲ್ಲೇ ಬರೆದಿತ್ತಲ್ಲ. ನೀವು ಓದ್ಲಿಲ್ವಾ?"

"ಓದ್ದೆ, ಓದ್ದೆ," ಎಂದ. ನಾಲ್ಕು ಸಲ ಓದಿದ್ದ. ಮಗು ಮನೆಯಲ್ಲಿ ಕಲಿಯುತ್ತಿರುವುದು ಅದರ ಸ್ವಂತ ಇಚ್ಛೆಯಿಂದಲೇ ಎಂಬುದನ್ನು ತಂದೆ ತಾಯಿ ಎದುರಿಗಿಲ್ಲದಾಗ ವಿಚಾರಿಸಿ ನಮೂದಿಸತಕ್ಕದ್ದು. ನಮೂದಿಸತಕ್ಕದ್ದು ಎಂಬ ಪದ ಗಂಟಲಲ್ಲಿ ಸಿಕ್ಕಿಕೊಂಡ ಮೂಳೆಯಂತೆ ಒಂದು ವಾರದಿಂದ ಅಲ್ಲೇ ಇತ್ತು. ಹೆಂಡತಿ ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಅವನು ಮನೆಯನ್ನು ಅಧಿಕಾರಿಯ ಕಣ್ಣಿನಿಂದ ನೋಡಲು ಪ್ರಯತ್ನಿಸಿದ. ಕಿಟಕಿಯ ಪರದೆ ಮಗಳು ಹೊಲಿದದ್ದು. ಗೋಡೆಯ ಕಪಾಟು ಮಗಳು ಮೊಳೆ ಹೊಡೆದದ್ದು. ಅಡುಗೆಮನೆಯ ನಲ್ಲಿ ಸೋರುತ್ತಿಲ್ಲವೆಂದರೆ ಅದಕ್ಕೆ ಹೊಸ ವಾಷರ್ ಹಾಕಿದವಳು ಅವಳೇ. ವಿದ್ಯುತ್ ಮೀಟರ್ ಓದುತ್ತಾಳೆ, ಅನ್ನ ಮಾಡುತ್ತಾಳೆ, ತಕ್ಕಡಿಯ ಮುಳ್ಳು ಯಾಕೆ ಎಡಕ್ಕೆ ವಾಲುತ್ತದೆಂದು ಕೇಳಿದರೆ ಐದು ಕಾರಣ ಹೇಳುತ್ತಾಳೆ. ಭಾನುವಾರಗಳಲ್ಲಿ ಕೆಲವು ತಂದೆ ತಾಯಿಯರು ಮಕ್ಕಳನ್ನು ಕರೆದುಕೊಂಡು ಅವನ ಮನೆಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬ್ಯಾಂಕಿನ ಮ್ಯಾನೇಜರೊಬ್ಬರು ಅವನ ಮಾತನ್ನು ಡೈರಿಯಲ್ಲಿ ಬರೆದುಕೊಂಡಿದ್ದರು. ಮಕ್ಕಳಿಗೆ ಉತ್ತರ ಕೊಡಬೇಡಿ, ಅನುಮಾನ ಕೊಡಿ ಎಂದು ಅವನು ಹೇಳಿದಾಗ ಆ ಮನುಷ್ಯನ ಕಣ್ಣು ತುಂಬಿದ್ದನ್ನು ಇವನು ನೋಡಿದ್ದ. ಹತ್ತನೇ ತರಗತಿ ಫೇಲಾದ ತಕ್ಕಡಿ ರಿಪೇರಿಯವನ ಮಾತಿಗೆ ಮ್ಯಾನೇಜರನ ಕಣ್ಣು ತುಂಬುವುದೆಂದರೆ ಸಣ್ಣ ವಿಷಯವಲ್ಲ. ಅವತ್ತು ಇಡೀ ದಿನ ಅವನು ಗಾಳಿಯಲ್ಲಿ ಓಡಾಡಿದ್ದ. ಮಗಳ ಸೋದರಮಾವನೊಬ್ಬ ಮಾತ್ರ, ಎಲ್ಲದಕ್ಕೂ ಯಾಕೆ ಅನ್ನುವ ಅವಳಿಗೆ ಯಾಕಮ್ಮ ಎಂದು ಅಡ್ಡಹೆಸರಿಟ್ಟವನು, ಬಂದಾಗಲೆಲ್ಲ "ಭಾವ, ಹುಡುಗಿ ಭಾರೀ ಬುದ್ಧಿವಂತೆ ಆಗಿದಾಳೆ, ಒಪ್ದೆ. ಆದ್ರೆ ಹುಡುಗಿ ಎಲ್ಲೋಯ್ತು ಭಾವ?" ಎಂದು ಕೇಳಿ ತಾನೇ ನಗುತ್ತಿದ್ದ. ಈಗ ಆ ಮಾತು ಯಾಕೆ ನೆನಪಾಯಿತೋ.

ಮಗಳು ಸ್ನಾನ ಮುಗಿಸಿ ಬಂದು ಮೇಜಿನ ಆಚೆ ಬದಿ ಕೂತಳು. ಹದಿಮೂರು ವರ್ಷ, ನೆಟ್ಟನೆ ಬೆನ್ನು, ಒದ್ದೆ ಕೂದಲನ್ನು ಎಳೆದು ಕಟ್ಟಿದ್ದಳು. ತಕ್ಕಡಿಯ ಸ್ಪ್ರಿಂಗನ್ನು ಅವನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಏನಾದರೂ ಹೇಳಲೇಬೇಕು, ಈ ದಿನವೇ ತಪ್ಪಿಸಿದರೆ ಅವನು ಹೆದರಿದ್ದಾನೆಂದು ಅವಳಿಗೆ ಗೊತ್ತಾಗುತ್ತದೆ.

"ಬೇಸಿಗೇಲಿ ಈ ಕಬ್ಬಿಣದ ತೂಕದ ಬಟ್ಟುಗಳೆಲ್ಲ ಒಂಚೂರು ಭಾರ ಆಗ್ತವೆ, ಅದಕ್ಕೇ ಬೆಳಗ್ಗೇನೇ ತೂಕ ಪರೀಕ್ಷೆ ಮಾಡ್ಬೇಕು," ಎಂದ.

"ಸಿಕ್ಕಿತು," ಎಂದಳು ತಲೆಯೆತ್ತದೆ. "ಕಾದ್ರೆ ಹಿಗ್ಗುತ್ತೆ, ಭಾರ ಆಗಲ್ಲ. ಇವತ್ತು ತುಂಬ ಸುಲಭದ್ದು ಕೊಟ್ರಿ ಅಪ್ಪ."

"ನಿನ್ನದು?"

"ನನ್ನದು ಆಮೇಲೆ," ಎಂದು ಸ್ಪ್ರಿಂಗನ್ನು ಮೇಜಿನ ಮೇಲಿಟ್ಟು ಚಹಾಕ್ಕೆ ನೀರಿಡಲು ಒಳಗೆ ಹೋದಳು. ಹೋಗುವಾಗ ಸ್ವಲ್ಪ ಮುಗುಳ್ನಕ್ಕಳೆಂದು ಅವನಿಗೆ ತೋರಿತು. ತುಟಿ ಬಿಚ್ಚದೆ ಮೂಲೆಯನ್ನಷ್ಟೇ ಸರಿಸುವ ನಗು. ಅವಳು ಯಾವಾಗಲೂ ನಗುವುದೇ ಹಾಗೆ. ಹಿಂದೊಮ್ಮೆ ಹೆಂಡತಿ "ಈ ಹುಡುಗಿ ಬಾಯಿ ತುಂಬ ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತು" ಎಂದಾಗ "ಯೋಚನೆ ಮಾಡೋರು ಹಾಗೇ ಕಣೆ" ಎಂದು ಹೇಳಿ ಬಾಯಿ ಮುಚ್ಚಿಸಿದ್ದ.

ಪುಸ್ತಕಗಳನ್ನು ಅಧಿಕಾರಿ ಕೇಳಬಹುದು. ಕೇಳಿಯೇ ಕೇಳುತ್ತಾರೆ. ಕಪಾಟಿನ ಕೆಳಗಿನ ಸಾಲಿನಲ್ಲಿ ವರ್ಷಕ್ಕೊಂದರಂತೆ ಐದು ಪುಸ್ತಕಗಳಿದ್ದವು. ಕೊನೆಯ ನಾಲ್ಕನ್ನು ಅವನು ಆಗಾಗ ನೋಡಿದ್ದ, ಬಂದವರಿಗೆ ತೋರಿಸಿಯೂ ಇದ್ದ. ಮೊದಲನೆಯದನ್ನು ತೆರೆಯದೆ ವರ್ಷಗಳಾಗಿದ್ದವು. ರಟ್ಟಿನ ಅಂಚು ಇಲಿ ಕಚ್ಚಿದಂತೆ ಸವೆದಿತ್ತು. ಎಂಟು ವರ್ಷದ ಮಗುವಿನ ದೊಡ್ಡ ದೊಡ್ಡ ಅಕ್ಷರ. ಪುಟಕ್ಕೆ ಮೂರು ಕಾಲಂ ಗೀರಿಕೊಟ್ಟವನು ಅವನೇ: ಸುಳ್ಳು, ನಿಜ, ಹೇಗೆ ಸಿಕ್ಕಿತು. ಮೀನು ನಿದ್ದೆ ಮಾಡುವುದಿಲ್ಲ. ಹತ್ತಿಗೆ ತೂಕ ಇಲ್ಲ. ನಮ್ಮ ಬೀದಿಯಲ್ಲಿ ಹನ್ನೊಂದು ಕಂಬ. ಓದುತ್ತ ಅವನ ಎದೆ ಸ್ವಲ್ಪ ಹಗುರಾಯಿತು. ಆ ಕಂಬಗಳನ್ನು ಎಣಿಸಲು ಅವಳು ಪುಟ್ಟ ಕಾಲಿನಲ್ಲಿ ಮೂರು ಸಲ ಬೀದಿಯ ಉದ್ದಕ್ಕೂ ಓಡಿದ್ದಳು. ಪುಟ ಮಗುಚುತ್ತ ಕೊನೆಗೆ ಬಂದ. ಹಿಂದಿನ ರಟ್ಟಿನ ಒಳಬದಿಯಲ್ಲಿ, ಯಾರೂ ನೋಡದ ಜಾಗದಲ್ಲಿ, ಮೂರು ಕಾಲಂಗಳನ್ನು ಅವಳೇ ಸೊಟ್ಟಗೆ ಗೀರಿಕೊಂಡು ಒಂದೇ ಒಂದು ಸುಳ್ಳು ಬರೆದಿದ್ದಳು. ಶಾಲೆ ಬಿಡಿಸಿದ ಮೂರನೇ ವಾರದ ತಾರೀಖು. ಸುಳ್ಳು: ಶಾಲೆಯಲ್ಲಿ ಯೋಚನೆ ಮಾಡೋದು ಕಲಿಸಲ್ಲ ಅದಕ್ಕೆ ಬಿಡಿಸಿದ್ದು. ನಿಜ: ನಾನು ನಕ್ಕಿದ್ದಕ್ಕೆ ಬಿಡಿಸಿದ್ದು. ಹೇಗೆ ಸಿಕ್ಕಿತು: ಅವತ್ತಿನಿಂದ ಅಪ್ಪ ನನ್ನ ಬಾಯಿ ನೋಡ್ತಾರೆ. ಅದರ ಕೆಳಗೆ ಪೆನ್ಸಿಲನ್ನು ಒತ್ತಿ ಬರೆದ ಇನ್ನೊಂದು ಮಾತು: ಸಿಕ್ಕಿತು ಅಂತ ಹೇಳಬಾರದು.

ಅವನು ಪುಸ್ತಕ ಮುಚ್ಚಿದ. ಮತ್ತೆ ತೆರೆದ. ಅಡುಗೆಮನೆಯಲ್ಲಿ ಲೋಟಗಳ ಸದ್ದಾಗುತ್ತಿತ್ತು. ಕಿವಿ ಕಾದು ಹೋಗಿತ್ತು. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಕಿವಿ ಹೀಗೆಯೇ ಕಾಯುತ್ತದೇನೋ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ತನಗೆ ತಾನೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಒಂದೊಂದು ಭಾನುವಾರ ಬಂದವರ ಮುಂದೆ ಮಾತಾಡುತ್ತ ಮಾತಾಡುತ್ತ, ಶಾಲೆಗಳು ಯೋಚನೆಯನ್ನು ಕೊಲ್ಲುತ್ತವೆ ಎಂಬುದಕ್ಕೆ ಎಷ್ಟೊಂದು ಒಳ್ಳೆಯ ಉದಾಹರಣೆಗಳು ಸಿಕ್ಕಿದ್ದವೆಂದರೆ, ಅದೇ ಕಾರಣವೆಂದು ಅವನೇ ನಂಬಿಬಿಟ್ಟಿದ್ದ. ಎಂಟು ವರ್ಷದ ಕೂಸು ಮೂರು ವಾರದಲ್ಲಿ ಹಿಡಿದಿತ್ತು. ಹಿಡಿದು, ಪಾಪ, ತಾನೇ ಅಪರಾಧಿ ಎಂದುಕೊಂಡು ರಟ್ಟಿನ ಒಳಗೆ ಬಚ್ಚಿಟ್ಟಿತ್ತು.

ಐದು ವರ್ಷದ ಹಿಂದಿನ ಆ ತರಗತಿಯಲ್ಲಿ ಸುಣ್ಣದ ವಾಸನೆಯಿತ್ತು. ತಂದೆ ತಾಯಿಯರು ಬಂದು ತಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳಬೇಕೆಂದು ಶಾಲೆಯಿಂದ ಚೀಟಿ ಬಂದಿತ್ತು. ಅವನ ಸರದಿಯ ಹಿಂದಿನ ದಿನ ದಂತವೈದ್ಯರೊಬ್ಬರು ಬಂದು ಪ್ಲಾಸ್ಟಿಕ್ಕಿನ ದವಡೆ ತೋರಿಸಿ ಹೋಗಿದ್ದರಂತೆ. ಅವನು ಒಂದು ವಾರ ತಯಾರಿ ಮಾಡಿಕೊಂಡಿದ್ದ. ತನ್ನಲ್ಲಿದ್ದ ಅತಿ ಸೂಕ್ಷ್ಮವಾದ ಎರಡು ತಟ್ಟೆಯ ತಕ್ಕಡಿಯನ್ನು ಹಿತ್ತಾಳೆ ಮಿರಿಮಿರಿ ಅನ್ನುವಂತೆ ತಿಕ್ಕಿ, ಹೊಸ ಅಂಗಿ ತೊಟ್ಟು, ಒಂದು ಕಾಗದದ ಮೇಲೆ ಹೆಸರು ಬರೆದರೆ ಆ ಶಾಯಿಯ ತೂಕವನ್ನೂ ಇದು ತೋರಿಸುತ್ತದೆ ಮಕ್ಕಳೇ ಎಂದು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ಮೇಜಿನ ಮೇಲೆ ತಕ್ಕಡಿ ನಿಲ್ಲಿಸಿದಾಗಲೇ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿರುವುದು ಕಂಡಿತ್ತು. ಮನೆಯಲ್ಲಾದರೆ ತೂಗುವ ಮೊದಲು ಫ್ಯಾನು ಆರಿಸದೆ ತಕ್ಕಡಿ ಮುಟ್ಟುತ್ತಲೇ ಇರಲಿಲ್ಲ. ಆದರೆ ಅದು ಟೀಚರ ಕೋಣೆ, ಟೀಚರ ಫ್ಯಾನು, ಸೆಕೆಯ ಮಧ್ಯಾಹ್ನ. ಟೀಚರು ಅದರ ಅಡಿಯಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಒಂದೇ ಒಂದು ಮಾತು, ಫ್ಯಾನು ಆರಿಸ್ತೀರಾ ಮೇಡಂ, ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಆಮೇಲೆ ಮುಳ್ಳು ನಿಲ್ಲಲೇ ಇಲ್ಲ. ತಟ್ಟೆಗಳು ಏರಿ ಇಳಿದು, ಏರಿ ಇಳಿದು, ಕಾಗದ ಹಾರಿ ಕೆಳಗೆ ಬಿತ್ತು. ಅದನ್ನು ಎತ್ತಲು ಬಗ್ಗಿದಾಗ ಹೊಸ ಅಂಗಿಯ ಗುಂಡಿ ಕಿತ್ತುಹೋಯಿತು. ಒಂದ್ನಿಮಿಷ ಮಕ್ಕಳೇ, ಒಂದ್ನಿಮಿಷ ಎನ್ನುತ್ತಲೇ ಇದ್ದ. "ಅಂಕಲ್ ತಕ್ಕಡಿಗೆ ಚಳಿಜ್ವರ ಬಂದಿದೆ, ಅಲ್ವಾ ಮಕ್ಕಳೇ?" ಎಂದರು ಟೀಚರು, ಒಳ್ಳೆಯ ಮನಸ್ಸಿನಿಂದಲೇ, ಅವನನ್ನು ಉಳಿಸಲೆಂದೇ. ತರಗತಿಗೆ ತರಗತಿಯೇ ಹೋ ಎಂದು ನಕ್ಕಿತು. ಅವನ ಕಣ್ಣು ಎರಡನೇ ಸಾಲಿಗೆ ಹೋಯಿತು. ಅಲ್ಲಿ ಅವನ ಮಗಳು, ಮುಂದಿನ ಒಂದು ಹಲ್ಲು ಬಿದ್ದುಹೋಗಿದ್ದ ಬಾಯಿಯನ್ನು ಅಗಲವಾಗಿ ತೆರೆದು, ಪಕ್ಕದವಳ ಭುಜದ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು. ಆ ಬಾಯಿ ಅವನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳಲ್ಲವೇ, ನಗು ಬಂತು, ನಕ್ಕರು. ಅಷ್ಟೇ ವಿಷಯ. ಒಂದು ತಿಂಗಳ ನಂತರ ಅವನು ಶಾಲೆಗೆ ಹೋಗಿ ಅವಳ ವರ್ಗಾವಣೆ ಪತ್ರ ತಂದಿದ್ದ.

ಕರೆಗಂಟೆ ಸದ್ದಾಯಿತು. ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯದೆ ಅಂಗಿಯ ಒಳಗೆ ತುರುಕಿಕೊಳ್ಳಲು ಹೋದ, ಆಗಲಿಲ್ಲ, ಕಪಾಟಿನಲ್ಲೇ ತಲೆಕೆಳಗಾಗಿ ಇಟ್ಟ. ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಹೆಲ್ಮೆಟ್ಟು, ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. "ಎರಡು ಮಹಡೀನಾ! ಮೊದಲೇ ಹೇಳಿದ್ರೆ ನಿಮ್ಮನ್ನೇ ಕೆಳಗೆ ಕರೀತಿದ್ದೆ," ಎಂದು ನಗುತ್ತ ಒಳಗೆ ಬಂದರು. ನಗುತ್ತಾರೆಂದ ಮಾತ್ರಕ್ಕೆ ಅವನ ಭಯ ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಮಗಳು ಚಹಾ ಮುಚ್ಚಿಟ್ಟು ಬಂದು ತಕ್ಕಡಿಗೆ ಸ್ಪ್ರಿಂಗ್ ಕೂರಿಸಿ ತೂಕ ಇಟ್ಟಿದ್ದಳು. ಅವರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡು "ಅಬ್ಬಾ, ಆ ಫ್ಯಾನ್ ಒಂಚೂರು ಹಾಕಮ್ಮ" ಎಂದರು. ಅವನು ತಟ್ಟನೆ ಸ್ವಿಚ್ಚಿನ ಕಡೆಗೆ ಹೊರಟ.

"ಅಪ್ಪ, ಬೇಡ," ಎಂದಳು ಮಗಳು. ಮತ್ತೆ ಅಧಿಕಾರಿಯ ಕಡೆ ತಿರುಗಿ, "ತೂಕ ಇಟ್ಟಿದೀನಿ ಮೇಡಂ, ಗಾಳಿಗೆ ಮುಳ್ಳು ಅಲ್ಲಾಡುತ್ತೆ. ಐದು ನಿಮಿಷ ತಡ್ಕೋತೀರಾ? ಅಷ್ಟರಲ್ಲಿ ಕಿಟಕಿ ಹತ್ರ ಕೂತ್ರೆ ತಂಪಿರುತ್ತೆ."

"ಓಹೋ, ಸರಿ ಸರಿ," ಎಂದು ಅಧಿಕಾರಿ ಎದ್ದು ಕಿಟಕಿಯ ಬಳಿ ಹೋಗಿ ಕೂತರು. ಇಷ್ಟೇ. ಇಷ್ಟು ಸಲೀಸಾದ ಮಾತು. ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಅಲ್ಲೇ ನಿಂತ. ಅವತ್ತು ಆ ತರಗತಿಯಲ್ಲಿ ತಾನು ಹೇಳಬೇಕಾಗಿದ್ದ ಮಾತನ್ನು ತಾನೇ ಕಲಿಸಿದ್ದೇನೆಂದು ಹಿಗ್ಗಬೇಕೋ, ಅದನ್ನು ಕಲಿಸಲು ಅವಳ ಐದು ವರ್ಷ ನುಂಗಿದೆನೆಂದು ಅಳಬೇಕೋ ತಿಳಿಯಲಿಲ್ಲ. "ನೀವು ಸ್ವಲ್ಪ ಒಳಗೆ ಇರ್ತೀರಾ?" ಎಂದರು ಅಧಿಕಾರಿ, ಮೆತ್ತಗೆ. ಅವನು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡ. ಪೂರ್ತಿ ಮುಚ್ಚಲಿಲ್ಲ.

ಒಲೆಯ ಪಕ್ಕದಲ್ಲಿ ಮೂರು ಲೋಟ ಚಹಾ ಮುಚ್ಚಿಟ್ಟಿತ್ತು. ಅವನು ಗೋಡೆಗೆ ಒರಗಿ, ಸ್ವಂತ ಮನೆಯಲ್ಲೇ ಕದ್ದು ಕೇಳುತ್ತ ನಿಂತ. ಈಗ ಹೇಳುತ್ತಾಳೆ. ಎದುರು ಕೂತು ಕೇಳಿದವರಿಗೆ ನಿಜ ಹೇಳು ಎಂದು ಅವಳಿಗೆ ಕಲಿಸಿದವನು ಅವನೇ. ನಾನು ನಕ್ಕಿದ್ದಕ್ಕೆ ಎಂದು ಅವಳು ಹೇಳುತ್ತಾಳೆ, ಆ ಹೆಂಗಸು ಅದನ್ನು ನಮೂದಿಸುತ್ತಾರೆ, ಹೆಂಡತಿಗೆ ಗೊತ್ತಾಗುತ್ತದೆ, ಮ್ಯಾನೇಜರಿಗೆ ಗೊತ್ತಾಗುತ್ತದೆ, ಅವಳ ಸೋದರಮಾವ ತೊಡೆ ತಟ್ಟಿಕೊಂಡು ನಗುತ್ತಾನೆ. ಮಗಳು ನಾಳೆಯಿಂದ ಶಾಲೆಗೆ ಹೋಗುತ್ತಾಳೆ, ಅವನು ಈ ಮೇಜಿನ ಈಚೆ ಬದಿ ಒಬ್ಬನೇ ಕೂರುತ್ತಾನೆ. ದೇವರೇ ಹೇಳದಿರಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು, ಆದರೂ ಮತ್ತೆ ಅದನ್ನೇ ಅಂದುಕೊಂಡ.

"ಏನೇನು ಕೆಲಸ ಬರುತ್ತಮ್ಮ ನಿನಗೆ?"

"ಅಡುಗೆ, ಹೊಲಿಗೆ. ನಲ್ಲಿಗೆ ವಾಷರ್ ಹಾಕೋದು. ಫ್ಯೂಸ್ ಹಾಕೋದೂ ಬರುತ್ತೆ, ಅಮ್ಮ ಮನೇಲಿದ್ದಾಗ ಮಾತ್ರ."

"ಭೇಷ್. ನನಗಿನ್ನೂ ಬರಲ್ಲ ನೋಡು. ಸ್ನೇಹಿತರು ಯಾರು?"

"ಕೆಳಗಡೆ ಇಸ್ತ್ರಿ ಅಂಗಡಿ ಮಾಮ," ಎಂದಳು. ಇಸ್ತ್ರಿಯವನಿಗೆ ಅರವತ್ತಾಗಿತ್ತು.

"ನಿಮ್ಮಪ್ಪ ದಿನಾ ಸುಳ್ಳು ಹೇಳ್ತಾರಂತಲ್ಲ, ಅರ್ಜಿಯಲ್ಲಿ ಅವರೇ ಬರೆದಿದಾರೆ. ಹಾಗಾದ್ರೆ ನೀನು ಅವರನ್ನ ನಂಬೋದು ಯಾವಾಗ?"

"ಹೊತ್ತು ಮುಳುಗಿದ ಮೇಲೆ," ಎಂದಳು ಮಗಳು. ಅಧಿಕಾರಿ ಗೊಳ್ಳನೆ ನಕ್ಕರು. ಒಂದೇ ದನಿಯ ನಗು. ಮಗಳ ದನಿ ಅದರಲ್ಲಿ ಸೇರಲಿಲ್ಲ. ನಗಬಹುದಾಗಿತ್ತು, ಅದು ಅವಳದೇ ಜೋಕು. ಅವನು ಗೋಡೆಯ ಈಚೆ ನಿಂತು ಆ ಎರಡನೇ ನಗುವಿಗಾಗಿ ಕಾದ. ಐದು ವರ್ಷದ ಒಂದೊಂದು ದಿನವನ್ನೂ ಹೆಕ್ಕಿ ನೋಡಿದ. ಸೋದರಮಾವನ ಕುಚೋದ್ಯಕ್ಕೆ, ಅವಳಮ್ಮ ಕಾಲು ಜಾರಿ ಹಿಟ್ಟಿನ ಡಬ್ಬಿಯ ಮೇಲೆ ಕೂತುಬಿಟ್ಟ ದಿನಕ್ಕೆ, ಯಾವುದಕ್ಕಾದರೂ ಅವಳು ಬಾಯಿ ಬಿಟ್ಟು ನಕ್ಕಿದ್ದು ಇದೆಯೇ? ಹಿಟ್ಟಿನ ದಿನ ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮೊದಲು ಇವನ ಮುಖ ನೋಡಿದ್ದಳು. ಆ ನೋಟವನ್ನು ಅವನು ಗಾಂಭೀರ್ಯ ಎಂದುಕೊಂಡಿದ್ದ. ಅದು ಹೆದರಿಕೆಯಾಗಿತ್ತು. ಅಯ್ಯೋ, ಬರೀ ಹೆದರಿಕೆಯಾಗಿತ್ತು.

"ಶಾಲೆ ಯಾಕಮ್ಮ ಬಿಟ್ಟಿದ್ದು?"

ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎಂದು ಕೂಗಿಕೊಳ್ಳುತ್ತಿತ್ತು.

"ನಾನೇ ಬಿಡ್ತೀನಿ ಅಂದೆ ಮೇಡಂ," ಎಂದಳು ಮಗಳು. "ನನಗೆ ಅಲ್ಲಿ ಇಷ್ಟ ಆಗ್ತಿರ್ಲಿಲ್ಲ. ಅಪ್ಪ ಬೇಡ ಅಂತಾನೇ ಅಂದ್ರು. ನಾನೇ ಹಟ ಮಾಡ್ದೆ."

"ಈಗ? ಹೋಗಬೇಕು ಅನ್ಸಲ್ವಾ?"

"ಇಲ್ಲ."

ನಿಜ ಹೇಳುವ ದನಿ. ಎಲ್ಲೂ ನಡುಗದ, ಎಲ್ಲೂ ಅವಸರಪಡದ, ಅವನು ಐದು ವರ್ಷ ತಿದ್ದಿ ತಿದ್ದಿ ಕಲಿಸಿದ ದನಿ. ಬದುಕಿದೆ ಎಂದುಕೊಂಡ. ಚಹಾದ ಲೋಟವೊಂದನ್ನು ಎತ್ತಿ ತಣ್ಣಗಾಗಿದ್ದ ಅದನ್ನು ಗಟಗಟ ಕುಡಿದೂಬಿಟ್ಟ. ಕುಡಿದ ಮೇಲೆ, ಲೋಟವನ್ನು ಕೆಳಗಿಡುವಾಗ, ಏನು ನಡೆಯಿತೆಂಬುದು ಅವನಿಗೆ ಅರ್ಥವಾಯಿತು. ಅವನು ಹೆದರಿದ್ದು ಅವಳು ನಿಜ ಹೇಳಿಬಿಡುತ್ತಾಳೆಂದು. ಅವಳು ಅವನಿಗಾಗಿ ಸುಳ್ಳು ಹೇಳಿದ್ದಳು. ಇವತ್ತಿನ ಅವಳ ಪಾಲಿನ ಸುಳ್ಳು.

ಅಧಿಕಾರಿ ಕರೆದರು. ಅವನು ಹೊರಗೆ ಬಂದ. ಫ್ಯಾನು ಈಗ ತಿರುಗುತ್ತಿತ್ತು. ತಕ್ಕಡಿಯನ್ನು ಮಗಳು ಮುಚ್ಚಿಟ್ಟಿದ್ದಳು. ಪುಸ್ತಕಗಳನ್ನು ಅವರು ಕೇಳಲೇ ಇಲ್ಲ. "ಒಳ್ಳೇ ಹುಡುಗಿ. ಸ್ವಂತ ಇಚ್ಛೆಯಿಂದಲೇ ಅಂತ ಬರ್ಕೊಂಡಿದೀನಿ. ಮುಂದಿನ ಮೂರು ವರ್ಷಕ್ಕೆ ಇದೇ ಲೆಕ್ಕ, ನಾವು ಮತ್ತೆ ಬಂದು ತೊಂದರೆ ಕೊಡಲ್ಲ. ಅವಳು ಹೇಳಿದ್ದು ನಿಮಗೂ ಸರಿ ಅನ್ಸಿದ್ರೆ ಇಲ್ಲಿ ಸಹಿ ಹಾಕಿ. ಬೇರೆ ಏನಾದ್ರೂ ಹೇಳೋದಿದ್ಯಾ?" ಮೂರು ವರ್ಷ. ಅಷ್ಟರಲ್ಲಿ ಅವಳಿಗೆ ಹದಿನಾರಾಗಿರುತ್ತದೆ, ಮತ್ತೆ ಯಾವ ಶಾಲೆಯೂ ಅವಳನ್ನು ಎರಡನೇ ಸಾಲಿನಲ್ಲಿ ಕೂರಿಸಿಕೊಳ್ಳುವುದಿಲ್ಲ. ಹೇಳುವುದಿದೆ ಎಂದು ಬಾಯಿ ತೆರೆದ. ಅದೇ ಬಾಯಿ, ಅದೇ ಒಣಗಿದ ನಾಲಿಗೆ. "ಏನಿಲ್ಲ ಮೇಡಂ," ಎಂದು ಸಹಿ ಹಾಕಿದ. ಅವರು ಮಗಳ ತಲೆ ಸವರಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದರು.

ಮಗಳು ಈ ವರ್ಷದ ಪುಸ್ತಕ ತೆರೆದು ಬೆಳಗಿನ ಕಬ್ಬಿಣದ ಸುಳ್ಳನ್ನು ಬರೆದಳು. ಅದರ ಕೆಳಗಿನ ಸಾಲನ್ನು ಖಾಲಿ ಬಿಟ್ಟಳು.

"ನನ್ನದು ಹೇಳಿ ಆಯ್ತಪ್ಪ," ಎಂದಳು.

"ಕೇಳ್ದೆ."

"ಹೊತ್ತು ಮುಳುಗೋವರೆಗೂ ಟೈಮ್ ಇದೆ," ಎಂದಳು. ಅವಳ ಕಣ್ಣು ಅವನ ಮುಖದ ಮೇಲಿತ್ತು. ಅದು ಪಂದ್ಯ ಹೂಡುವ ಕಣ್ಣಲ್ಲ, ಕೆಲಸ ಸರಿಯಾಯಿತೇ ಎಂದು ಕೇಳುವ ಕಣ್ಣು. ಬಡ್ಡಿ ಸಮೇತ ತೀರಿಸಿದೆನೇ ಅಪ್ಪ, ಇನ್ನು ಸಾಕೇ ಎಂದು ಕೇಳುತ್ತಿದ್ದಾಳೆ ಅನಿಸಿತು. ಅವನ ದೃಷ್ಟಿ ತಾನಾಗಿ ಕೆಳಗೆ ಜಾರಿ ಅವಳ ಬಾಯಿಯ ಮೇಲೆ ನಿಂತಿತು. ನಿಂತ ತಕ್ಷಣ ಅವಳು ತುಟಿ ಒತ್ತಿ ಹಿಡಿದಳು. ಆ ರಟ್ಟಿನ ಒಳಗೆ ಅವಳು ಬರೆದದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು.

ಅವನು ಬಾಗಿಲಿಗೆ ಓಡಿದ. ಕಾಲಿಗೆ ಸಿಕ್ಕಿದ್ದನ್ನು ತೂರಿಸಿಕೊಂಡು ಮೆಟ್ಟಿಲಿಳಿದ. ಅಧಿಕಾರಿ ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟರ್ ಶುರುಮಾಡಿದ್ದರು. "ಮೇಡಂ, ಮೇಡಂ!" ಎಂದು ಕೂಗಿಕೊಂಡು ಬಂದ ಅವನನ್ನು ನೋಡಿ ಮೊದಲು ನಕ್ಕವನು ಇಸ್ತ್ರಿಯವನು. "ಏನ್ ಸ್ವಾಮಿ ಇದು, ಒಂದು ಕಾಲಿಗೆ ಮಗಳ ಚಪ್ಪಲಿ! ಅವಸರಕ್ಕೆ ಹುಟ್ಟಿದೋರ ಹಾಗೆ ಓಡ್ತಿದೀರಲ್ಲ!" ಅವನು ಕೆಳಗೆ ನೋಡಿದ. ಎಡಗಾಲಿನಲ್ಲಿ ಹೂವಿನ ಪಟ್ಟಿಯ ಪುಟ್ಟ ಚಪ್ಪಲಿ, ಅರ್ಧ ಹಿಮ್ಮಡಿ ನೆಲದ ಮೇಲೆ. ಅಂಗಡಿ ಕಟ್ಟೆಯ ಮೇಲಿದ್ದ ನಾಲ್ಕು ಜನ ನಗತೊಡಗಿದರು. ಹೆಲ್ಮೆಟ್ಟಿನೊಳಗೆ ಅಧಿಕಾರಿಯ ಮುಖದಲ್ಲೂ ನಗು ಸುಳಿಯಿತು.

"ಅವಳು ಹೇಳಿದ್ದು ಸುಳ್ಳು ಮೇಡಂ," ಎಂದ.

"ಯಾವುದು?"

"ಅವಳು ಬಿಡ್ಲಿಲ್ಲ. ನಾನು ಬಿಡಿಸ್ದೆ."

"ಯಾಕೆ?" ಎಂದು ಅವರು ಸ್ಕೂಟರ್ ಆರಿಸಿದರು.

"ತಕ್ಕಡಿ ನಿಲ್ಲಲಿಲ್ಲ. ಮೇಲೆ ಫ್ಯಾನ್ ಇತ್ತು. ಆರ್ಸಿ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಎಲ್ಲ ನಕ್ರು, ಅವಳೂ ನಕ್ಕಳು. ಎಂಟು ವರ್ಷ ಮೇಡಂ, ಹಲ್ಲು ಬಿದ್ದಿತ್ತು. ಅದಕ್ಕೆ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಅವರು ಹೆಲ್ಮೆಟ್ಟು ತೆಗೆದು ಅವನನ್ನು ನೋಡಿದರು. ಕಟ್ಟೆಯವರ ನಗು ನಿಂತಿತ್ತು, ಇಸ್ತ್ರಿಯವನು ಪೆಟ್ಟಿಗೆ ಕೈಯಲ್ಲೇ ಹಿಡಿದು ನಿಂತಿದ್ದ. "ಸಹಿ ಹಾಕಿದೀರಲ್ರೀ," ಎಂದರು ಕೊನೆಗೆ. "ಅದನ್ನ ಹೊಡೆದು ಹಾಕಿದ್ರೆ ಕಾರಣ ಬರೀಬೇಕು. ನೀವು ಹೇಳೋದಕ್ಕೆ ಇದರಲ್ಲಿ ಜಾಗ ಇಲ್ಲ." ಫಾರಮ್ಮನ್ನು ಚೀಲದಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ಒಳಗಿಟ್ಟರು. "ಸೋಮವಾರದವರೆಗೆ ಕಳಿಸಲ್ಲ. ಅವಳನ್ನ ಕರ್ಕೊಂಡು ಕಚೇರಿಗೆ ಬನ್ನಿ. ನನಗೆ ಹೇಳಿದ್ದನ್ನ ಅವಳಿಗೆ ಹೇಳಿ, ನನ್ನ ಎದುರಿಗೆ. ಆಮೇಲೆ ಅವಳಿಗೇನು ಬೇಕೋ ಅವಳನ್ನೇ ಕೇಳೋಣ. ಹೇಳ್ತೀರಾ?" ಅವನು ತಲೆಯಾಡಿಸಿದ. ಸ್ಕೂಟರ್ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮೇಲೆ ನೋಡಿದ. ಎರಡನೇ ಮಹಡಿಯ ಕಿಟಕಿಯಲ್ಲಿ, ತಾನೇ ಹೊಲಿದ ಪರದೆಯನ್ನು ಒಂದು ಕೈಯಲ್ಲಿ ಸರಿಸಿಕೊಂಡು ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಷ್ಟು ಕೇಳಿಸಿತೋ. ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಅಷ್ಟು 	ದಿನ ಕಾದರೆ ಈ ನಾಲಿಗೆ ಮತ್ತೆ ಒಣಗುತ್ತದೆ, ಅವನಿಗೆ ಅವನ ನಾಲಿಗೆ ಚೆನ್ನಾಗಿ ಗೊತ್ತಿತ್ತು. "ಸಿಕ್ಕಿತು!" ಎಂದು ಕೂಗಿದ. ಅವಳು ಅಲುಗಲಿಲ್ಲ. ಏನು ಮಾಡುವುದೆಂದು ತೋಚದೆ ಅವನು ಒಂಟಿ ಕಾಲಿನ ಮೇಲೆ ನಿಂತು ಹೂವಿನ ಪಟ್ಟಿಯ ಆ ಪುಟ್ಟ ಚಪ್ಪಲಿಯನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದ, ವಾಲಿದ, ಬೀಳುವಂತಾಗಿ ಇಸ್ತ್ರಿಯವನ ಮೇಜು ಹಿಡಿದುಕೊಂಡ. ಹಿಂದೆ ಯಾರೋ ಮತ್ತೆ ಕಿಸಕ್ಕೆಂದರು. "ನಗು ಮಗಳೇ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ, ದನಿ ಒಡೆದು ಹೋಯಿತು. "ನೀನೂ ನಗು, ಜೋರಾಗಿ ನಗು, ಏನೂ ಆಗಲ್ಲ, ಅಪ್ಪಂಗೆ ಏನೂ ಆಗಲ್ಲ." ಅವಳು ತುಟಿಯನ್ನು ಹಾಗೆಯೇ ಬಿಗಿಹಿಡಿದು, ಹಣೆ ಸ್ವಲ್ಪ ಗಂಟಿಕ್ಕಿ, ಅಪ್ಪ ಹೇಳಿದ್ದರಲ್ಲಿ ಯಾವುದು ಸುಳ್ಳೆಂದು ಹುಡುಕುತ್ತ ನಿಂತಿದ್ದಳು.